ಒದ್ದೆ ಟವೆಲ್ಲು

ಮಾಬುಸಾಬನ ಮಣಿಕಟ್ಟಿನ ಪಟ್ಟಿ ಅರವತ್ತೊಂದು ತೋರಿಸಿತು. ಬೆಂಕಿಯೊಳಗೆ ಹೋದರೆ ಸಾಯುವ ಸಂಭವ ನೂರಕ್ಕೆ ಅಷ್ಟು. ನಲವತ್ತು ದಾಟಿದರೆ ಅಗ್ನಿಶಾಮಕ ಸಿಬ್ಬಂದಿಯ ಬೆನ್ನಿನ ಉಸಿರಿನ ಸಿಲಿಂಡರ್ ತೆರೆದುಕೊಳ್ಳುವುದೇ ಇಲ್ಲ. ಉರಿಯುತ್ತಿದ್ದ ಬಣ್ಣದ ಗೋದಾಮಿನ ಒಳಕೋಣೆಯಲ್ಲಿ ಸಿಕ್ಕಿಬಿದ್ದ ಕಾವಲುಗಾರ ತಗಡು ಬಡಿಯುತ್ತಿದ್ದ.

ಮಾಬುಸಾಬ ಎಂದಿನಂತೆ ಟವೆಲ್ಲನ್ನು ನೀರಿನಲ್ಲಿ ಅದ್ದಿ ಪಟ್ಟಿಗೆ ಸುತ್ತಿದ. ತಣ್ಣಗಾದ ಪಟ್ಟಿ ಮೋಸಹೋಗಿ ಮೂವತ್ತೆಂಟಕ್ಕೆ ಇಳಿಯಿತು, ಸಿಲಿಂಡರ್ ತೆರೆದುಕೊಂಡಿತು. ಅವರ ಠಾಣೆಯಲ್ಲಿ ಎಲ್ಲರೂ ಒಳಗೆ ಹೋಗುತ್ತಿದ್ದುದು ಹೀಗೆಯೇ.

ಠಾಣಾಧಿಕಾರಿ ನೀಲವ್ವ ಅವನ ಕೈ ಹಿಡಿದಳು. "ತಗಿ ಅದನ್ನ."

"ನೀವ ಕಲಿಸಿದ್ದಲ್ರೀ ಮೇಡಂ. ಆರ ನಿಮಿಷ ಸಾಕು, ಕರಕೊಂಡ ಬರ್ತೀನಿ."

"ಈರಪ್ಪಗೂ ನಾನ ಕಲಿಸಿದ್ದೆ. ಹೋದ ತಿಂಗಳ ಅವನ ಹೆಣಾನೂ ನಾನ ಹೊತ್ತೀನಿ."

ಟವೆಲ್ಲನ್ನು ಅವಳೇ ಬಿಚ್ಚಿಕೊಂಡಳು. ಪಟ್ಟಿ ಅರವತ್ತೈದಕ್ಕೆ ಏರಿತು. ಸಿಲಿಂಡರ್ ಟಕ್ಕೆಂದು ಮುಚ್ಚಿಕೊಂಡಿತು. ಎಲ್ಲರೂ ಹೊರಗೆ ನಿಂತೇ ನೀರು ಹಾರಿಸಿದರು.

ಬಡಿತ ಮೊದಲು ನಿಧಾನವಾಯಿತು, ಆಮೇಲೆ ನಿಂತಿತು. ಛಾವಣಿ ಕುಸಿದದ್ದು ಟವೆಲ್ಲು ಬಿಚ್ಚಿದ ಹನ್ನೊಂದನೆಯ ನಿಮಿಷಕ್ಕೆ. ಮಾಬುಸಾಬ ಗಡಿಯಾರ ನೋಡಿದ. ನೀಲವ್ವನೂ ನೋಡಿದಳು. ಅವಳ ಮುಷ್ಟಿಯಲ್ಲಿದ್ದ ಟವೆಲ್ಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಅದರಾಗ ಮುಖ ಒರಸ್ಕೋರಿ ಮೇಡಂ," ಎಂದ ಅವನು.