ಮಡಿಯವರ ಕಣ್ಣಿನ ಡ್ರಾಪ್ಸ್

ಅಲಮೇಲಮ್ಮನವರದು ಅಂಥಿಂಥ ಮಡಿಯಲ್ಲ. ಕ್ಲಿನಿಕ್ಕಿನಲ್ಲಿ ಕೊಟ್ಟ ನೀರನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದು, ಕೈ ತೊಳೆದುಕೊಂಡೇ ಡಾಕ್ಟರ ಮುಂದೆ ಕೂತರು.

ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. "ಕರಿಗುಡ್ಡೆಯ ಮೇಲೇ ಹುಣ್ಣಾಗಿದೆಯಲ್ಲಮ್ಮ. ಹೋದ ತಿಂಗಳು ಬರೆದುಕೊಟ್ಟ ಡ್ರಾಪ್ಸ್ ಹೇಳಿದಷ್ಟು ದಿನ ಹಾಕಿಕೊಂಡಿರಾ?"

"ಎರಡೇ ದಿನಕ್ಕೆ ಕೆಂಪು ಇಳೀತು, ನಿಲ್ಲಿಸಿದೆ. ಮತ್ತೆ ಕೆಂಪಾದಾಗ ಮತ್ತೆ ಅದನ್ನೇ ಹಾಕಿಕೊಂಡೆ."

"ಅದರಲ್ಲಿ ಸ್ಟೀರಾಯ್ಡ್ ಇದೆ. ಕೆಂಪು ಬೇಗ ಇಳಿಯುತ್ತೆ, ಸೋಂಕು ಒಳಗೇ ಇರುತ್ತೆ. ಬೇಕೆಂದಾಗ ಹಾಕಿಕೊಳ್ಳೋಕೆ ಅದೇನು ತೀರ್ಥವಾ? ಬೇರೆಯವರ ಬಾಟಲಿಯನ್ನೂ ಹಾಕಿಕೊಂಡಿರೋ ಹೇಗೆ?"

ಅಲಮೇಲಮ್ಮ ಮುಖ ಸಿಂಡರಿಸಿದರು.

"ಕಂಡವರ ಎಂಜಲು ನಮಗಾಗಲ್ಲ ಡಾಕ್ಟ್ರೇ. ನನ್ನದೇ ಬಾಟಲಿ. ವಠಾರದಲ್ಲಿ ಕಣ್ಣು ಕೆಂಪಾದವರೆಲ್ಲ ಹಾಕಿಕೊಂಡು, ಹೋದ ವಾರ ತಾನೇ ವಾಪಸ್ ಕೊಟ್ಟರು."