ಸ್ಕಾರ್ಫ್ ಇಲ್ಲದವರಿಗೆ ಸಾಲಿಲ್ಲ

ಬೀರು ಖಾಲಿಯಾಗಿತ್ತು. ಕೆಳಗೆ ಕತ್ತರಿಸಿದ ಹಗ್ಗ ಬಿದ್ದಿತ್ತು. ಪಶುವೈದ್ಯ ಇನ್ನೂ ಚಾಕು ಮಡಚಿರಲಿಲ್ಲ.

“ಹಗ್ಗ ಯಾಕೆ ಕತ್ತರಿಸಿದ್ರಿ?” ದಳನಾಯಕಿ ಮೊದಲು ಕೇಳಿದ್ದು ಅದನ್ನೇ.

“ಹೊರಗೆ ಬಸ್ಸು ಕಾಯ್ತಿದೆ ಮೇಡಂ. ಗಂಟು ಬಿಚ್ಚುತ್ತಾ ಕೂತ್ಕೊಳ್ಳಲಾ? ನೋಡಿ, ಸ್ಕಾರ್ಫ್ ಒಂದೂ ಇಲ್ಲ!”

ಸ್ಕೌಟ್ ದಳದಲ್ಲಿ ಹಗ್ಗ ಕತ್ತರಿಸುವುದೆಂದರೆ ಮಹಾಪರಾಧ. ಆ ಬೀರುವಿಗೆ ಬೀಗವೂ ಇರಲಿಲ್ಲ. ಕೊಟ್ಟ ಮಾತಿಗೆ ನಿಲ್ಲುವವರಿಗೆ ಬೀಗವೇಕೆಂದು ಹಿಡಿಗಳಿಗೆ ಹಗ್ಗ ಬಿಗಿದು ರೀಫ್ ನಾಟ್ ಹಾಕುವುದು ರೂಢಿ. ಈ ಕಡೆಯಿಂದ ಒಂದು ಸುತ್ತು, ಆ ಕಡೆಯಿಂದ ಒಂದು ಸುತ್ತು. ನಿನ್ನೆ ಸೇರಿದ ಮಗುವಿಗೂ ಬರುವ ಗಂಟು. ದಳನಾಯಕಿ ತುಂಡನ್ನು ಎತ್ತಿಕೊಂಡರು. ಗಂಟು ಹಾಗೇ ಉಳಿದಿತ್ತು. ಆದರೆ ಮೊದಲು ಹಾಕಿದ್ದು ಒಂದು ಸುತ್ತಲ್ಲ, ಎರಡು. ಯಾರೋ ಬಿಚ್ಚಿದ್ದಾರೆ, ದೋಚಿದ್ದಾರೆ, ಮತ್ತೆ ಕಟ್ಟಿಟ್ಟು ಹೋಗಿದ್ದಾರೆ. ಅವರು ತುಂಡನ್ನು ಜೇಬಿಗೆ ಹಾಕಿಕೊಂಡರು.

“ಸ್ಕಾರ್ಫ್ ಇಲ್ಲದವರಿಗೆ ಸಾಲಿಲ್ಲ. ನಿಯಮ ನಿಯಮವೇ, ಅಲ್ವಾ ಮೇಡಂ?” ಪಶುವೈದ್ಯ ಸಣ್ಣ ದನಿಯಲ್ಲಿ ಕೇಳಿದ.

“ನಿಯಮವೇ.”

“ಹಾಗಾದ್ರೆ ಮಕ್ಕಳನ್ನ ಸಾಲು ಮಾಡಿ ಕಳಿಸೋ ಹಾಗಿಲ್ಲ.”

“ಇಲ್ಲ. ಬಸ್ಸು ವಾಪಸ್ ಕಳಿಸಿ.”

ಪಶುವೈದ್ಯ ನಿಟ್ಟುಸಿರು ಬಿಟ್ಟ. ಅವನ ಅಕ್ಕನ ಗಂಡನೇ ಚುನಾವಣೆಗೆ ನಿಂತವನು. ಆತನ ಮೆರವಣಿಗೆಯ ಮುಂದೆ ಸಮವಸ್ತ್ರದ ಮಕ್ಕಳು ನಡೆಯಬೇಕಿತ್ತು; ಅದಕ್ಕೆ ಬದಲಾಗಿ ದಳದ ಸಭಾಂಗಣಕ್ಕೆ ಹೊಸ ಸೂರು ಬರುವುದಿತ್ತು.

ಕಳ್ಳರು ಯಾರೆಂದು ದಳನಾಯಕಿ ತಲೆ ಕೆರೆದುಕೊಳ್ಳಬೇಕಾಗಲಿಲ್ಲ. ಹಿಂದಿನ ಸಭೆ ಕಿವಿಯಲ್ಲಿ ಇನ್ನೂ ಗುಯ್‌ಗುಡುತ್ತಿತ್ತು.

“ಸೂರಿಗೋಸ್ಕರ ಮಕ್ಕಳನ್ನ ಬಾಡಿಗೆಗೆ ಬಿಡ್ತೀಯಾ ಅಕ್ಕಾ?” ಎಂದು ಮೇಜು ಕುಟ್ಟಿದ್ದಳು ಲಾಯರಮ್ಮ. “ಓಟಿಲ್ಲದವರನ್ನ ಓಟಿಗೆ ಬಳಸೋದು ಯಾವ ನ್ಯಾಯ?”

“ಭಾವನಿಗೆ ಇಲ್ಲ ಅನ್ನೋಕೆ ನನ್ನ ಕೈಲಾಗಲ್ಲ,” ಎಂದಿದ್ದ ಪಶುವೈದ್ಯ. “ಅಕ್ಕನ ಮನೆ ಬಾಗಿಲು ನಾನು ತುಳೀಬೇಕೋ ಬೇಡವೋ? ನನ್ನ ಮತ ಮೆರವಣಿಗೆಗೆ.”

ದಳ ನಡೆಸುವ ಮೂವರಲ್ಲಿ ಉಳಿದದ್ದು ದಳನಾಯಕಿಯ ಮತ. ಮಳೆ ಬಂದರೆ ಮಕ್ಕಳು ಕೊಡೆ ಹಿಡಿದು ಪ್ರತಿಜ್ಞೆ ಹೇಳುವ ಸಭಾಂಗಣ ಅದು. ಅವರು ಸೂರಿಗೆ ಮತ ಹಾಕಿದರು.

“ಮಕ್ಕಳು ಅಲ್ಲಿಗೆ ಹೋಗಲ್ಲ. ನೋಡ್ತಾ ಇರು,” ಎಂದು ಲಾಯರಮ್ಮ ಎದ್ದುಹೋಗಿದ್ದಳು. ಇಷ್ಟು ಸಾಲದೇ? ಸಾಲದಿದ್ದರೆ ಗಂಟಿದೆ. ಲಾಯರಮ್ಮನ ವಾದ ಬಿಗಿ, ಗಂಟು ಸಡಿಲ ಎಂದು ಮಕ್ಕಳೇ ನಗುತ್ತಿದ್ದರು.

ಸಂಜೆ ಸಭಾಂಗಣದ ಬಾಗಿಲಲ್ಲಿ ಒಂದು ಚೀಲ ಕಂಡಿತು. ಒಳಗೆ ಸ್ಕಾರ್ಫ್‌ಗಳೆಲ್ಲ ನೀಟಾಗಿ ಮಡಚಿ ಕೂತಿದ್ದವು. ದಳನಾಯಕಿಯ ನಾಯಿ, ಮೊನ್ನೆ ಮುಳ್ಳುತಂತಿಗೆ ಕಾಲು ಸೀಳಿಕೊಂಡು ಪಟ್ಟಿ ಕಟ್ಟಿಸಿಕೊಂಡಿದ್ದರೂ, ಕುಂಟುತ್ತಾ ಬಂದು ಮೂತಿ ತೂರಿಸಿತು. ಮೂಸಿದ್ದೇ ತಡ, ಬಾಲ ಮುದುರಿ ಮೇಜಿನ ಕೆಳಗೆ ಸೇರಿಕೊಂಡಿತು. ಈ ನಾಯಿಗೂ ಇವತ್ತು ತಲೆ ಕೆಟ್ಟಿದೆ ಎಂದುಕೊಂಡರು ದಳನಾಯಕಿ.

ಆಮೇಲೆ ಬಂದ ಪಶುವೈದ್ಯ ಚೀಲದ ಕಡೆ ನೋಡಲಿಲ್ಲ. ಅವನ ಹಿಂದೆಯೇ ಬಂದ ಲಾಯರಮ್ಮ ಬಗ್ಗಿ ನೋಡಿ, ಸಂತೋಷವಾಗಿಯೇ ನಕ್ಕಳು.

“ನೀನೇ ಮಾಡಿದ್ದಾ?” ದಳನಾಯಕಿ ಕೇಳಿದರು.

“ನಾನೇ ಮಾಡ್ಬೇಕಿತ್ತು. ಹೊಳೀಲಿಲ್ಲ.”

“ನಾಟಕ ಬೇಡ.” ಹಗ್ಗದ ತುಂಡು ಮೇಜಿನ ಮೇಲೆ ಬಿತ್ತು. “ಮೊದಲಿಗೇ ಎರಡು ಸುತ್ತು. ಗಂಟು ಹಾಕೋಕೆ ಬರದವರ ಕೆಲಸ.”

ಲಾಯರಮ್ಮ ಹಗ್ಗವನ್ನು ನೋಡಿದಳು. ಬೆರಳಿಂದ ಜಗ್ಗಿದಳು. ಅದು ಜಾರಲಿಲ್ಲ. ಆಮೇಲೆ ತಲೆ ಎತ್ತಿ ಪಶುವೈದ್ಯನನ್ನು ನೋಡಿದಳು. ಅವನು ಮೇಜಿನ ಕೆಳಗಿನ ನಾಯಿಯನ್ನು ನೋಡುತ್ತಿದ್ದ.

“ಡಾಕ್ಟ್ರೇ, ನೀವೇನಂತೀರಿ?”

“ಮೇಡಂ ಹೇಳಿದ ಮೇಲೆ ಮುಗೀತು,” ಎಂದ ಅವನು. “ಯಾರಾದ್ರೂ ಒಬ್ಬರು ದಳ ಬಿಟ್ಟು ಹೋಗ್ಲೇಬೇಕಲ್ಲ.”

ಇಡೀ ಊರಿನ ಮಾತಿಗೆ ಮರುಮಾತು ಕೊಡುವ ಹೆಂಗಸು ಅವಳು. ಅವತ್ತು ವಾದಿಸಲೇ ಇಲ್ಲ. ಅದು ತಪ್ಪೊಪ್ಪಿಗೆಯಲ್ಲದೆ ಇನ್ನೇನು? ಕೊರಳ ಸ್ಕಾರ್ಫ್ ತೆಗೆದು ಮಡಚಿ ಚೀಲದ ಮೇಲಿಟ್ಟಳು. ಸ್ಕೌಟರ ಪದ್ಧತಿಯಂತೆ ಎಡಗೈ ಮುಂದೆ ಚಾಚಿದಳು. ಪಶುವೈದ್ಯ ತಡವಾಗಿ ಹಿಡಿದ.

“ಮಕ್ಕಳನ್ನ ನೋಡ್ಕೊಳ್ಳಿ ಡಾಕ್ಟ್ರೇ. ಮುಂದಿನ ಸಲಾನೂ.”

ದಳನಾಯಕಿಯ ಮುಂದೆ ಅವಳು ಕೈ ಚಾಚಲಿಲ್ಲ.

“ಬರ್ತೀನಿ ಮೇಡಂ,” ಎಂದಳು.

ಬಾಯ್ತುಂಬ ಅಕ್ಕಾ ಅನ್ನುತ್ತಿದ್ದವಳು ಮೊದಲ ಬಾರಿಗೆ ಮೇಡಂ ಅಂದದ್ದು ಚುರ್ರೆಂದಿತು. ಆದರೆ ನಂಬಿಕೆ ಕೆಡಿಸಿದವಳು ಅವಳಲ್ಲವೇ? ದಳನಾಯಕಿ ಮನಸ್ಸು ಕಲ್ಲು ಮಾಡಿಕೊಂಡರು.

ಕಲ್ಲು ಹೆಚ್ಚು ದಿನ ನಿಲ್ಲಲಿಲ್ಲ. ದಳನಾಯಕಿಯದು ಕನ್ನಡಕದಂಗಡಿ, ಊರವರ ದೃಷ್ಟಿ ಸರಿಮಾಡುವ ಕೆಲಸ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹರಟೆಗೆ ಬರುತ್ತಿದ್ದ ಲಾಯರಮ್ಮ ಈಗ ಎದುರಿನ ಫುಟ್‌ಪಾತಿನಲ್ಲೇ ನಡೆದು ಹೋಗುತ್ತಿದ್ದಳು. ಇವರಿಗೆ ಊಟವೂ ಸೇರುತ್ತಿರಲಿಲ್ಲ. ಸೂರು ಬರಲಿಲ್ಲ, ಅದು ಬೇರೆ.

ಒಂದು ಸಂಜೆ ಪಶುವೈದ್ಯನ ಫೋನು ಬಂತು. “ಹಳ್ಳಿ ಕಡೆ ಇದೀನಿ ಮೇಡಂ, ನಾಳೆ ಬರ್ತೀನಿ. ನಾಯಿಯ ಪಟ್ಟಿ ಬಿಚ್ಚಿ ನೋಡಿ, ನಾನು ಹಾಕಿದ ಹೊಲಿಗೆ ಒಣಗಿದ್ಯಾ ಹೇಳಿ.”

ದಳನಾಯಕಿ ನಾಯಿಯನ್ನು ಅಂಗಡಿಯ ಮೇಜಿನ ಮೇಲೆ ಮಲಗಿಸಿ, ಮೆಲ್ಲಗೆ ಪಟ್ಟಿ ಬಿಚ್ಚಿದರು. ಗಾಯ ಕೂಡಿಕೊಂಡಿತ್ತು. ಮಸೂರ ಹಿಡಿದು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಕೈ ಮಾತ್ರ ಡ್ರಾಯರಿಗೆ ಹೋಯಿತು, ಹಗ್ಗದ ತುಂಡನ್ನು ತೆಗೆದು ನಾಯಿಯ ಕಾಲಿನ ಪಕ್ಕದಲ್ಲಿಟ್ಟಿತು.

“ಮೇಡಂ? ಕೇಳಿಸ್ತಿದ್ಯಾ? ಹೊಲಿಗೆ ಹೇಗಿದೆ?”

ಒಂದೊಂದು ಹೊಲಿಗೆಯಲ್ಲೂ ಅದೇ ಗಂಟು: ಮೊದಲು ಎರಡು ಸುತ್ತು, ಆಮೇಲೆ ಒಂದು.