ಮಾಸ್ತಮ್ಮನ ಕಿವಿರು

ಮಾಸ್ತಮ್ಮ ಸುವರ್ಣಗಡ್ಡೆ ಹೆಚ್ಚುತ್ತಿದ್ದಂತೆ ಕುತ್ತಿಗೆಯ ಬಲಮಗ್ಗುಲು ತುರಿಸತೊಡಗಿತು. ಗಡ್ಡೆ ಮುಟ್ಟಿದ ಕೈ ತಾಗಿರಬೇಕೆಂದು ಹುಣಸೆಹಣ್ಣು ಕಿವುಚಿ ಹಚ್ಚಿಕೊಂಡಳು. ತುರಿಕೆ ಇಳಿಯಲಿಲ್ಲ, ಉರಿ ಎದ್ದಿತು.

"ರೇವತೀ, ಸ್ವಲ್ಪ ನೋಡೇ."

ಸೊಸೆ ಬಂದು, ಕಿವಿಯ ಹಿಂದಿನಿಂದ ಕೊರಳೆಲುಬಿನವರೆಗೆ ಓರೆಯಾಗಿ ಇಳಿಯುವ ಸ್ನಾಯುವನ್ನು ಬೆರಳಿನಿಂದ ಒತ್ತಿ ನೋಡಿದಳು. ಅದರ ಪಕ್ಕ, ನಾಡಿ ಮಿಡಿಯುವಲ್ಲಿ, ಕೆಂಪು ಸೀಳುಗಳು ತೆರೆದು ಮುಚ್ಚುತ್ತಿದ್ದವು.

"ಅಯ್ಯೋ ಅತ್ತೆ, ಕಿವಿರಿಗೆ ಹುಣಸೆಹುಳಿ ಹಚ್ಕಂಡ್ರಲ್ಲ! ಮೀನ್ ಸಾರು ಮಾಡೂಕೆ ಹೊರಟ್ರಾ?"

"ಕಿವಿರಾ? ನಂಗಾ? ಈ ವಯಸ್ಸಲ್ಲಾ?"

ಊರಿನವರಿಗೆಲ್ಲ ಹರೆಯದಲ್ಲೇ ಬಿರಿಯುವ ಕಿವಿರು ಮಾಸ್ತಮ್ಮನಿಗೊಬ್ಬಳಿಗೆ ಬಿರಿದಿರಲಿಲ್ಲ. ಕಡಲೊಳಗಿನ ಕೇರಿಗೆ ಮದುವೆಯಾಗಿ ಹೋದ ಅಕ್ಕ ಬೀರಮ್ಮನಿಗೆ ಈಗ ಮೇಲೆ ಬರುವ ಶಕ್ತಿಯಿಲ್ಲ. 'ಒಮ್ಮೆ ಬಾರೇ' ಎಂದು ಅವಳು ಬರೆದು ವರ್ಷಗಳಾಗಿದ್ದವು. ಬರಲಾರೆ ಎನ್ನಲು ಮನಸ್ಸಾಗದೆ ಮಾಸ್ತಮ್ಮ ಉತ್ತರವನ್ನೇ ಹಾಕಿರಲಿಲ್ಲ.

ಅವಳು ಬಚ್ಚಲಿಗೆ ಓಡಿ ಹಂಡೆಯ ನೀರಿನಲ್ಲಿ ತಲೆ ಮುಳುಗಿಸಿದಳು. ಉಸಿರು ಸರಾಗವಾಗಿ ಆಡಿತು! ನೀರೊಳಗೇ ನಕ್ಕಳು, ಗುಳ್ಳೆಗಳು ಉಕ್ಕಿದವು.

ಒದ್ದೆ ತಲೆಯಲ್ಲೇ ಮೇಣದ ಕಾಗದದ ಮೇಲೆ ಬರೆದಳು: 'ಅಕ್ಕಾ, ನಾಳೆ ಇಳಿತಕ್ಕೆ ಬತ್ತೆ. ಬಾಗಿಲು ತೆಗೆದಿಡು.'

ದೋಣಿಗಳು ನಿಲ್ಲುವ ಧಕ್ಕೆಗೆ ಓಡಿ ಬಂದಾಗ ಅಂಚೆಯವಳು ಆಗಲೇ ಸೊಂಟದವರೆಗೆ ನೀರಿಗಿಳಿದಿದ್ದಳು.

"ನಿಲ್ಲೇ ಮಾರಾಯ್ತಿ, ಮುಳುಗಬೇಡ! ನಂದೊಂದಿದೆ!"

ಅಂಚೆಯವಳು ಕಾಗದವನ್ನು ಚೀಲಕ್ಕೆ ಸೇರಿಸಿ, ಕಡಲೊಳಕ್ಕೆ ಧುಮುಕಿದಳು.